ಮಗ ಬೇರೆ ಸಭೆಗೆ ಹೋಗುತ್ತಿದ್ದಾನೆ. ನಾವು ಶಿಷ್ಯರೇ ಅಲ್ಲ ಎನ್ನುತ್ತಾನೆ

ಪ್ರಶ್ನೆ: ನಮ್ಮದು ಬೆಟಗೇರಿ ಮೂಲದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರುವ ಮನೆತನ. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯ ಸದಸ್ಯರಾಗಿದ್ದೇವೆ. ನನ್ನ ಯಜಮಾನರು ಸಭಾ ಕಮಿಟಿಯಲ್ಲಿದ್ದಾರೆ. 23 ವರ್ಷದ ಮಗ ಒಂದು ವರ್ಷದಿಂದ ನಮ್ಮೊಂದಿಗೆ ಆರಾಧನೆಗೆ ಬರುತ್ತಿಲ್ಲ. ಬಾಡಿಗೆ ಹಾಲ್‌ನಲ್ಲಿ ನಡೆಯುವ ಇಂಗ್ಲಿಷ್ ಆರಾಧನೆಗೆ ಹೋಗುತ್ತಾನೆ. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಸಲ್ಲದು, ನೀರಿನಲ್ಲಿ ಮುಳುಗಿ ಮತ್ತೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ‘ನೀವು ಹೆಸರಿಗೆ ಕ್ರೈಸ್ತರು, ಯೇಸುವಿನ ಶಿಷ್ಯರಲ್ಲ’ ಎಂದು ಒಂದು ದಿನ ಹೇಳಿಯೂಬಿಟ್ಟ. ‘ಈ ಮನೆಯ ಅನ್ನ ಉಣ್ಣುವವರೆಗೆ ಈ ಮನೆಯ ಸಭೆಗೇ ಬರಬೇಕು’ ಎಂದು ಅವನ ತಂದೆ ಹಟ ಹಿಡಿದಿದ್ದಾರೆ. ಅಂದಿನಿಂದ ಕುಟುಂಬ ಪ್ರಾರ್ಥನೆಯೂ ನಿಂತಿದೆ. 14 ವರ್ಷದ ಮಗಳು ಮುಂದಿನ ವರ್ಷ, ವಿಶ್ವಾಸವನ್ನು ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳುವ ದೃಢೀಕರಣದ ತರಗತಿಗೆ ಸೇರಬೇಕು. ಅವಳು ಎಲ್ಲವನ್ನೂ ನೋಡುತ್ತಿದ್ದಾಳೆ. ನಾವು ಎಲ್ಲಿ ತಪ್ಪಿದೆವು? ಮಗನನ್ನು ಒತ್ತಾಯ ಮಾಡಬೇಕೇ, ಬಿಡಬೇಕೇ?

ಉತ್ತರ:

ಕರ್ತನಲ್ಲಿ ಪ್ರಿಯ ಸಹೋದರಿಯವರೇ,

ನಿಮ್ಮ ಪತ್ರದಲ್ಲಿ ದೀಕ್ಷಾಸ್ನಾನದ ಪ್ರಶ್ನೆಯಿದೆ, ಒತ್ತಾಯದ ಪ್ರಶ್ನೆಯಿದೆ, ಮಗಳ ಚಿಂತೆಯೂ ಇದೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಮಗ ಹೇಳಿದ ಆ ಒಂದು ಮಾತು ಎಂದು ನನಗೆ ತೋರುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಿಷ್ಯನಿಗೆ ಇರುವ ಪದದ ನೇರ ಅರ್ಥ ‘ಕಲಿಯುವವನು’. ಆ ಪದ ನಾಲ್ಕು ಸುವಾರ್ತೆಗಳಲ್ಲಿಯೂ ಅಪೊಸ್ತಲರ ಕೃತ್ಯಗಳಲ್ಲಿಯೂ ಸುಮಾರು 260 ಬಾರಿ ಬರುತ್ತದೆ. ಪೌಲನ ಪತ್ರಗಳಲ್ಲಿ ಒಮ್ಮೆಯೂ ಬರುವುದಿಲ್ಲ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ ಎಂದು ಕೃತ್ಯಗಳ 11ನೆಯ ಅಧ್ಯಾಯ ಹೇಳುತ್ತದೆ. ಅಂದರೆ ಅಲ್ಲಿ ಮೊದಲು ಶಿಷ್ಯತ್ವ, ಆಮೇಲೆ ಹೆಸರು. ನಮ್ಮಂಥ ಹಳೆಯ ಕ್ರೈಸ್ತ ಮನೆತನಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ: ಹೆಸರು ಹುಟ್ಟಿನಿಂದಲೇ ಬರುತ್ತದೆ, ಶಿಷ್ಯತ್ವ ಬಂದರೆ ಬರುತ್ತದೆ, ಇಲ್ಲದಿದ್ದರೂ ಸದಸ್ಯತ್ವದ ಚಂದಾ ಕಟ್ಟಿಕೊಂಡು ನಡೆದುಹೋಗುತ್ತದೆ. ನಿಮ್ಮ ಮಗ ಕಂಡದ್ದು ಇದನ್ನೇ ಆಗಿದ್ದರೆ ಅವನ ಮಾತಿನಲ್ಲಿ ಸತ್ಯದ ಅಂಶವಿದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಶಿಷ್ಯನೆಂಬುದನ್ನು ಅವನು ಸಾಧಾರಣ ವಿಶ್ವಾಸಿಗಿಂತ ಒಂದು ಮೆಟ್ಟಿಲು ಮೇಲಿನ ಪದವಿ ಎಂದು ತಿಳಿದಿದ್ದರೆ ಅಲ್ಲಿ ಅವನು ಎಡವಿದ್ದಾನೆ. ಯೇಸುವಿನ ಸ್ವಂತ ಶಿಷ್ಯರೇ ದಾರಿಯಲ್ಲಿ ತಮ್ಮಲ್ಲಿ ಯಾರು ದೊಡ್ಡವರೆಂದು ವಾದ ಮಾಡಿದರು. ಗೆತ್ಸೇಮನೆ ತೋಟದಲ್ಲಿ ಎಚ್ಚರವಾಗಿರಿ ಎಂದರೆ ನಿದ್ದೆ ಮಾಡಿದರು. ಆದರೂ ಅವರು ಶಿಷ್ಯರೇ, ಏಕೆಂದರೆ ಗುರುವನ್ನು ಬಿಟ್ಟು ಓಡಿದ ಮೇಲೂ ಹಿಂತಿರುಗಿ ಬಂದು ಕಲಿಯಲು ಕುಳಿತರು. ಯಾರು ಶಿಷ್ಯರು, ಯಾರು ಅಲ್ಲ ಎಂಬ ಹಾಜರಿ ಪುಸ್ತಕ ನಿಮ್ಮ ಮಗನ ಕೈಯಲ್ಲಿಲ್ಲ, ನಿಮ್ಮ ಯಜಮಾನರ ಕೈಯಲ್ಲೂ ಇಲ್ಲ.

ಇನ್ನು ‘ಎಲ್ಲಿ ತಪ್ಪಿದೆವು’ ಎಂಬ ಪ್ರಶ್ನೆ. ಇದನ್ನು ನಿಮ್ಮೊಬ್ಬರ ಮೇಲೆ ಹೊರಿಸುವ ಮುನ್ನ ನಿಮ್ಮ ಮನೆತನದ ಹಿನ್ನೆಲೆಯನ್ನು ನೋಡಬೇಕು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಕಾಲಿಟ್ಟಿತು. ಆಗ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಅನೇಕರಿಗೆ ಕುಲದವರ ಆಸರೆ, ಹೊಲಮನೆಯ ಹಕ್ಕು, ಹೊಟ್ಟೆಪಾಡಿನ ಕಸುಬು ಕೈಬಿಟ್ಟುಹೋಗುತ್ತಿದ್ದವು. ಅವರಿಗೆ ದುಡಿಮೆ ಒದಗಿಸುವ ಅನಿವಾರ್ಯದಿಂದಲೇ ಮಿಷನ್ ನೇಯ್ಗೆಯನ್ನೂ ಮುದ್ರಣಾಲಯವನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಹೀಗೆ ದೇವಾಲಯ, ಶಾಲೆ, ಕೆಲಸ, ನೆರೆಹೊರೆ ಎಲ್ಲವೂ ಮಿಷನ್ ಕಾಂಪೌಂಡಿನ ಸುತ್ತಲೇ ಬೆಳೆದವು. ಒಬ್ಬ ಹುಡುಗ ಕುಡಿಯಲು ಕಲಿತರೆ, ಭಾನುವಾರ ಮಗ್ಗ ಹೂಡಿದರೆ, ಅದು ಸಂಜೆಯೊಳಗೆ ಸಭಾಪಾಲಕ ಅಯ್ಯನವರ ಕಿವಿಗೆ ಬೀಳುತ್ತಿತ್ತು. ಈ ವ್ಯವಸ್ಥೆಯಿಂದ ಹೆಣ್ಣುಮಕ್ಕಳಿಗೂ ಅಕ್ಷರ ಬಂತು, ಮನೆಮನೆಗೆ ಸತ್ಯವೇದ ಬಂತು; ಅದರ ಜೊತೆಗೆ ವಿಶ್ವಾಸವೆಂದರೆ ಮೇಲಿನವರ ಕಣ್ಣಿನಲ್ಲಿ ಒಳ್ಳೆಯವರಾಗಿರುವುದು ಎಂಬ ರೂಢಿಯೂ ಬಂತು. ನಮ್ಮ ಅಪ್ಪಂದಿರು ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ನೌಕರಿ ಹಿಡಿದು ನಗರಗಳಿಗೆ ಬಂದಾಗ ಆ ಕಾಂಪೌಂಡು ಹಿಂದೆ ಉಳಿಯಿತು. ಕೈಯಲ್ಲಿ ಉಳಿದದ್ದು ಭಾನುವಾರದ ಒಂದೂವರೆ ತಾಸು. ವಾರವಿಡೀ ಒಂದು ಊರೇ ಸೇರಿ ಮಾಡುತ್ತಿದ್ದ ಕೆಲಸವನ್ನು ಆ ಒಂದೂವರೆ ತಾಸು ಮಾಡಲಿ ಎಂದು ನಾವೆಲ್ಲರೂ ಕಾಯುತ್ತಾ ಕುಳಿತೆವು. ತಪ್ಪಿದ್ದು ಅಲ್ಲಿ.

ಮತ್ತೊಂದು ಸಂಗತಿಯನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ತೆಗೆದುಕೊಂಡು ಹರ್ಮನ್ ಎಂಬ ಹೆಸರನ್ನೂ ಸೇರಿಸಿಕೊಂಡಾಗ ಊರಿಗೆ ಊರೇ ಕದಡಿತು. ಅವರ ಪತ್ನಿ ಲಕ್ಷ್ಮಿ ಅವರೊಂದಿಗೆ ಬಾಳಲು ಒಪ್ಪಲಿಲ್ಲ. ಅವರು ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ, 1851ರಲ್ಲಿ ಅಭಿಷಿಕ್ತರಾಗಿ ಹಿಂತಿರುಗಿದರು. ತಂದೆತಾಯಿಯನ್ನೂ ಹೆಂಡತಿಮಕ್ಕಳನ್ನೂ ಹಗೆಮಾಡದವನು ನನ್ನ ಶಿಷ್ಯನಾಗಲಾರನು ಎಂಬ ಲೂಕ 14ರ ಕಠಿಣ ವಚನವನ್ನು ಆ ತಲೆಮಾರು ಹೀಗೆ ಬದುಕಿ ತೋರಿಸಿತು. ಪ್ರೀತಿಯಲ್ಲಿ ಯಾರಿಗೆ ಮೊದಲ ಸ್ಥಾನ ಎಂಬುದನ್ನು ಆ ಕಾಲದ ಯೆಹೂದ್ಯರ ಮಾತಿನ ರೂಢಿಯಲ್ಲಿ ಹೇಳಿದ ವಚನವದು. ಮನೆಯವರನ್ನು ದ್ವೇಷಿಸಲು ಕೊಟ್ಟ ಅಪ್ಪಣೆಯಲ್ಲ. ಆದರೂ ಕನ್ನಡನಾಡಿನ ಸಭೆ ಹುಟ್ಟಿದ್ದು ಹೆತ್ತವರನ್ನು ಅಳಿಸಿದ ಮಕ್ಕಳಿಂದಲೇ ಎಂಬುದನ್ನು ನಾವು ಮರೆಯುವಂತಿಲ್ಲ. ನಿಮ್ಮ ಮಗನನ್ನು ನಾನು ಕೌಂಡಿನ್ಯರಿಗೆ ಹೋಲಿಸುತ್ತಿಲ್ಲ. ಆನ್‌ಲೈನಿನಲ್ಲಿ ಸಿಕ್ಕ ಗೆಳೆಯರ ಜೊತೆ ಹತ್ತಿರದ ಹಾಲ್‌ಗೆ ಹೋಗುವುದಕ್ಕೂ ಮನೆಯನ್ನೇ ಕಳೆದುಕೊಳ್ಳುವುದಕ್ಕೂ ಅಜಗಜಾಂತರವಿದೆ. ಆದರೆ ‘ನಮ್ಮ ಮನೆತನದಲ್ಲಿ ಇಂಥದ್ದು ನಡೆದೇ ಇಲ್ಲ’ ಎಂದು ನಿಮ್ಮ ಯಜಮಾನರು ಹೇಳಿದರೆ, ಬೆಟಗೇರಿಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದ ನಿಮ್ಮ ಮುತ್ತಜ್ಜನ ತಾಯಿಯನ್ನು ನೆನಪಿಗೆ ತಂದುಕೊಳ್ಳಲು ಅವರಿಗೆ ಹೇಳಿ.

ವಿಶ್ವಾಸವನ್ನು ಆಸ್ತಿಯಂತೆ ಮಕ್ಕಳ ಹೆಸರಿಗೆ ಬರೆದುಕೊಡಲಾಗದು. ಹಾಗಾದರೆ ಮನೆಯ ಪಾತ್ರವೇನು? ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ‘ಮಕ್ಕಳಿಗೆ ಕಲಿಸಿರಿ’ ಎಂಬ ಆಜ್ಞೆಯಾಗಿ ಮಾತ್ರ ಓದುತ್ತೇವೆ. ಆದರೆ ಅದಕ್ಕೆ ಮುಂಚಿನ ವಚನ ಈ ಮಾತುಗಳು ಮೊದಲು ನಿನ್ನ ಹೃದಯದಲ್ಲಿರಲಿ ಎನ್ನುತ್ತದೆ. 20ನೆಯ ವಚನ, ಮುಂದೆ ನಿನ್ನ ಮಗನು ‘ಈ ಕಟ್ಟಳೆಗಳ ಅರ್ಥವೇನು’ ಎಂದು ಕೇಳುವ ದಿನವನ್ನು ಮೊದಲೇ ಎಣಿಸಿ ಬರೆದಿದೆ. ಕಲಿಸುವಿಕೆಯ ಬಾಗಿಲು ತೆರೆಯುವುದು ಮಗುವಿನ ಪ್ರಶ್ನೆಯಿಂದ. ಜರ್ಮನಿಯ ಸಭಾಸುಧಾರಕ ಲೂಥರನು 1529ರಲ್ಲಿ ಮನೆಯ ಯಜಮಾನರಿಗಾಗಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದಾಗ, ಪ್ರತಿಯೊಂದು ಆಜ್ಞೆಯ ಕೆಳಗೂ ಒಂದೇ ಪ್ರಶ್ನೆಯನ್ನು ಇಟ್ಟನು: ‘ಇದೇನು?’ ಅದು ಮಗುವಿನ ಬಾಯಿಯ ಮಾತು. ನಮ್ಮಲ್ಲಿ ಆ ಪ್ರಶ್ನೋತ್ತರಗಳನ್ನು ಉರು ಹೊಡೆಸುತ್ತಾ ಹೊಡೆಸುತ್ತಾ, ಪ್ರಶ್ನೆಯೂ ಉತ್ತರವೂ ದೊಡ್ಡವರದ್ದೇ ಆಗಿಹೋದವು. ಮಗ ಹದಿನೈದನೆಯ ವಯಸ್ಸಿನಲ್ಲಿ ಏನಾದರೂ ಕೇಳಿದ್ದನೇ, ಆಗ ನೀವು ಏನು ಹೇಳಿದಿರಿ? ಇದನ್ನು ನೀವಿಬ್ಬರೂ ಕುಳಿತು ನೆನಪಿಸಿಕೊಳ್ಳಿ. ‘ಅದನ್ನೆಲ್ಲ ಕೇಳಬಾರದು, ಪಾಪ’ ಎಂದಿದ್ದರೆ, ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವವರನ್ನು ಅವನು ಬೇರೆ ಕಡೆ ಹುಡುಕಿಕೊಂಡಿದ್ದಾನೆ, ಅಷ್ಟೇ.

ಕುಟುಂಬ ಪ್ರಾರ್ಥನೆ ನಿಂತುಹೋಗಿದೆ ಎಂದಿದ್ದೀರಿ. ಅದು ನಿಲ್ಲುವ ಮುಂಚೆ ಹೇಗೆ ನಡೆಯುತ್ತಿತ್ತು ಎಂದು ನಾನು ಕೇಳಬೇಕಾಗಿದೆ. ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಸಭಾಪಾಲಕನಾಗಿದ್ದ ನಾನು ಮನೆಯಲ್ಲಿ ಪ್ರಾರ್ಥಿಸುವಾಗ, ‘ಕರ್ತನೇ, ಗಣಿತದಲ್ಲಿ ಉದಾಸೀನ ಮಾಡುವ ಈ ಮಗುವಿಗೆ ಬುದ್ಧಿ ಕೊಡು, ರಾತ್ರಿ ತಡವಾಗಿ ಬರುವ ದುರಭ್ಯಾಸವನ್ನು ತೆಗೆದುಹಾಕು’ ಎನ್ನುತ್ತಿದ್ದೆ. ದೇವರಿಗೆ ಹೇಳುವಂತೆ ನಟಿಸುತ್ತಾ ಮಕ್ಕಳನ್ನು ಬೈಯುತ್ತಿದ್ದೆ. ಕಣ್ಣು ಮುಚ್ಚಿಕೊಂಡವರು ಎದುರು ಮಾತನಾಡಲಾರರಲ್ಲ! ನನ್ನ ಮಗಳು ದೊಡ್ಡವಳಾದ ಮೇಲೆ ಒಮ್ಮೆ, ‘ಅಪ್ಪಾ, ನಿಮ್ಮ ಆಮೆನ್ ಬಂದ ಕೂಡಲೇ ನನಗೆ ಪ್ರಾಣ ಬಂದಂತಾಗುತ್ತಿತ್ತು’ ಎಂದಳು. ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ತಂದೆಗಳಿಗೆ ಮಕ್ಕಳನ್ನು ಕೆರಳಿಸಬೇಡಿರಿ ಎಂದು ಹೇಳಿದ್ದು ನನ್ನಂಥವರಿಗಾಗಿಯೇ ಎಂದು ಅಂದು ತಿಳಿಯಿತು.

ನೀವು ಮತ್ತೆ ಆರಂಭಿಸುವುದಾದರೆ ಹತ್ತೇ ನಿಮಿಷ ಸಾಕು. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ದಿನಕ್ಕೆ ಒಂದು ಘಟನೆ ಓದಿದರೆ ಮೂರು ತಿಂಗಳೊಳಗೆ ಮುಗಿಯುತ್ತದೆ. ಓದುವ ಸರದಿ ಮಗಳದ್ದೂ ಆಗಿರಲಿ, ಅವಳಿಗೆ ಬೇಕಾದ ಭಾಷೆಯಲ್ಲಿರಲಿ. ಓದಿದ ಮೇಲೆ ವ್ಯಾಖ್ಯಾನ ಬೇಡ. ಯಾರಿಗೆ ಏನು ಅರ್ಥವಾಗಲಿಲ್ಲ ಎಂದು ಕೇಳಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆಯೇ ಬೇಡಿಕೊಳ್ಳಲಿ, ಎದುರಿಗಿರುವವರ ದೋಷವನ್ನು ದೇವರ ಮುಂದೆ ಇಡುವುದು ಬೇಡ. ಅದಕ್ಕಿಂತ ಕಷ್ಟವಾದ ಒಂದು ಕೆಲಸವಿದೆ: ಅಂದು ಸಿಟ್ಟಿನಲ್ಲಿ ಆಡಿದ ಮಾತಿಗೆ ತಂದೆ ಮಗಳ ಎದುರಿಗೇ ‘ನನ್ನಿಂದ ತಪ್ಪಾಯಿತು’ ಎನ್ನುವುದು. ಹಾಗೆ ಹೇಳುವ ತಂದೆಯನ್ನು ಕಂಡ ಮಗುವಿಗೆ ಪಾಪಕ್ಷಮೆಯೆಂದರೇನೆಂದು ತರಗತಿಯಲ್ಲಿ ವಿವರಿಸುವ ಶ್ರಮ ಉಪದೇಶಿಗೆ ಉಳಿಯುವುದಿಲ್ಲ.

ನಿಮ್ಮ ಯಜಮಾನರು ಸಭಾ ಕಮಿಟಿಯಲ್ಲಿದ್ದಾರೆ ಎಂದು ಬರೆದಿದ್ದೀರಿ. ಅದು ಗೌರವದ ಸೇವೆ, ನಿಜ. ಆದರೆ ನಾನು ಕಂಡ ಅನೇಕ ಮನೆಗಳಲ್ಲಿ ಮಕ್ಕಳ ವಿಶ್ವಾಸಕ್ಕೆ ಮೊದಲ ಪೆಟ್ಟು ಬಿದ್ದದ್ದು ವಿಜ್ಞಾನದಿಂದಲೂ ಅಲ್ಲ, ಮೊಬೈಲಿನಿಂದಲೂ ಅಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿಬರುತ್ತಿದ್ದ ಸಭಾ ಚುನಾವಣೆಯ ಲೆಕ್ಕಾಚಾರದಿಂದ. ಯಾರ ಓಟು ಯಾರಿಗೆ, ಆಸ್ತಿಯ ಪ್ರಕರಣ ಯಾವ ಕೋರ್ಟಿನಲ್ಲಿದೆ, ಅಯ್ಯನವರನ್ನು ಎಲ್ಲಿಗೆ ವರ್ಗ ಮಾಡಿಸಬೇಕು ಎಂಬ ಮಾತುಗಳನ್ನು ಕೇಳುತ್ತಾ ಬೆಳೆದ ಹುಡುಗನ ನಾಲಿಗೆಗೆ, ಬೆಳಿಗ್ಗೆ ತೆಗೆದುಕೊಂಡ ಕರ್ತನ ಭೋಜನದ ರುಚಿ ಮಧ್ಯಾಹ್ನದವರೆಗೂ ಉಳಿಯುವುದಾದರೂ ಹೇಗೆ? ಮದುವೆಯ ಮಾತುಕತೆ ಬಂದಾಗ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡಿದ ಬಾಯಿಯೇ ‘ಅವರು ಮೊದಲು ಯಾವ ಜನ’ ಎಂದು ಮೆಲ್ಲಗೆ ವಿಚಾರಿಸುವುದನ್ನೂ ಮಕ್ಕಳು ಕೇಳಿಸಿಕೊಂಡಿರುತ್ತಾರೆ. ನಿಮ್ಮ ಮನೆಯಲ್ಲಿ ಹೀಗೆ ನಡೆದಿದೆಯೆಂದು ನಾನು ಆರೋಪಿಸುತ್ತಿಲ್ಲ. ಆದರೆ ಮಗ ‘ಹೆಸರಿಗೆ ಕ್ರೈಸ್ತರು’ ಎಂದಾಗ ಅವನ ಕಣ್ಣ ಮುಂದೆ ಇದ್ದ ದೃಶ್ಯ ಯಾವುದೆಂದು ನೀವು ಅವನನ್ನೇ ಕೇಳಬೇಕು. ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ಒತ್ತಾಯದ ವಿಚಾರಕ್ಕೆ ಬರುತ್ತೇನೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹಿರಿಯರು ಇಂಥ ಹೊತ್ತಿಗೆ ಹೇಳುತ್ತಾರೆ. 23 ವರ್ಷದವನು ಗಿಡವಲ್ಲ. ಮನೆಯಲ್ಲಿ ಇರುವವನು ಮನೆಯ ಶಿಸ್ತಿಗೆ, ಖರ್ಚಿಗೆ, ಕೆಲಸಕ್ಕೆ ಹೆಗಲು ಕೊಡಬೇಕೆಂದು ಕೇಳುವ ಹಕ್ಕು ನಿಮಗಿದೆ. ಅನ್ನವನ್ನು ಆರಾಧನೆಗೆ ಗಂಟು ಹಾಕುವ ಹಕ್ಕು ಇಲ್ಲ. ಹಾಗೆ ಬಂದು ಕುಳಿತರೂ ಅದು ಬಲವಂತದ ಮಾಘಸ್ನಾನವೇ ಆದೀತು. (ಸ್ನಾನದ ಚರ್ಚೆಯಲ್ಲಿ ಈ ಗಾದೆ ತಾನಾಗಿಯೇ ಬಂತು, ಕ್ಷಮಿಸಿ.) 14 ವರ್ಷದ ಮಗಳ ವಿಷಯ ಬೇರೆ. ಅವಳನ್ನು ಆರಾಧನೆಗೆ ಕರೆದೊಯ್ಯುವುದು, ಶಾಲೆಗೆ ಕಳುಹಿಸಿದಂತೆಯೇ, ನಿಮ್ಮ ಕರ್ತವ್ಯ. ಆದರೆ ದೃಢೀಕರಣಕ್ಕೆ ಅವಳನ್ನು ತಳ್ಳಬೇಡಿ. ತನ್ನ ಬಾಯಿಂದ ‘ನಂಬುತ್ತೇನೆ’ ಎನ್ನುವುದೇ ಆ ಸಂಸ್ಕಾರದ ಜೀವ. ಜೊತೆಯ ಹುಡುಗಿಯರು ಬಿಳಿ ಉಡುಪು ತೊಟ್ಟು ನಿಲ್ಲುತ್ತಾರೆಂಬುದು ಕಾರಣವಾಗಬಾರದು. ಒಂದು ವರ್ಷ ತಡವಾದರೆ ಆಗಲಿ.

ದೀಕ್ಷಾಸ್ನಾನದ ಪ್ರಶ್ನೆಯಲ್ಲಿ ನಾನು ಸಿಎಸ್‌ಐ ಪರಂಪರೆಯೊಳಗೆ ನಿಂತು ಉತ್ತರಿಸುತ್ತೇನೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಧಾರೆಗಳು ಒಂದಾಗಿ ಹುಟ್ಟಿದ ಈ ಸಭೆಯಲ್ಲಿ, ಮಗುವಿಗೆ ಕೊಡುವ ದೀಕ್ಷಾಸ್ನಾನದ ಅರ್ಥವಿಷ್ಟು: ನಾವು ಮಾತನಾಡಲು ಕಲಿಯುವ ಮುಂಚೆಯೇ ದೇವರು ನಮ್ಮ ಹೆಸರು ಹಿಡಿದು ಕರೆದನು. ಮೊದಲ ಮಾತು ದೇವರದ್ದು. ನಮ್ಮ ಉತ್ತರ ಆಮೇಲೆ, ಜೀವಮಾನವಿಡೀ. ಮೊದಲ ಮಾತು ದೇವರದ್ದಾದ್ದರಿಂದ ಅದನ್ನು ಮತ್ತೊಮ್ಮೆ ಹೇಳಿಸುವ ಅಗತ್ಯವಿಲ್ಲ. ವಿಶ್ವದ ಕ್ರೈಸ್ತ ಸಭೆಗಳ ಒಕ್ಕೂಟದ ‘ಫೇಯ್ತ್ ಅಂಡ್ ಆರ್ಡರ್’ ಆಯೋಗವು 1982ರಲ್ಲಿ ಪೆರು ದೇಶದ ಲೀಮಾದಲ್ಲಿ ಒಪ್ಪಿದ ಹೇಳಿಕೆಯೂ ದೀಕ್ಷಾಸ್ನಾನ ಪುನರಾವರ್ತಿಸಲಾಗದ್ದು ಎನ್ನುತ್ತದೆ. ಆದರೆ ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳ ನೋಟಕ್ಕೂ ನ್ಯಾಯ ಸಲ್ಲಿಸಬೇಕು: ಅವರ ದೃಷ್ಟಿಯಲ್ಲಿ ಇದು ಎರಡನೆಯದಲ್ಲ, ಮೊದಲನೆಯದು; ಸ್ವಂತ ವಿಶ್ವಾಸ ಅರಿಕೆ ಮಾಡಿದ ಮೇಲೆ ಆಗುವುದೇ ದೀಕ್ಷಾಸ್ನಾನ. ಅದೂ ಸತ್ಯವೇದವನ್ನು ಓದಿಯೇ ತಲುಪಿದ ತೀರ್ಮಾನ. ಈ ವಾದದಲ್ಲಿ ಸಿಟ್ಟು ಯಾವ ಮಟ್ಟಕ್ಕೆ ಹೋಗಬಲ್ಲದೆಂಬುದಕ್ಕೆ ಸ್ವಿಟ್ಜರ್ಲೆಂಡಿನಲ್ಲೇ ಒಂದು ಕಹಿ ಉದಾಹರಣೆಯಿದೆ. ಜ್ಯೂರಿಚ್ ನಗರದ ಪ್ರಾಟೆಸ್ಟಂಟ್ ಆಡಳಿತವು 1527ರ ಜನವರಿಯಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬ ತರುಣನನ್ನು, ಮರುದೀಕ್ಷಾಸ್ನಾನ ಮಾಡಿಸಿದ ಅಪರಾಧಕ್ಕಾಗಿ, ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ನಮ್ಮದು ಸರಿಯಾದ ಸಿದ್ಧಾಂತವೆಂದು ನಾನು ನಂಬುತ್ತೇನೆ. ಆದರೆ ಅದನ್ನು ಹಿಡಿದಿದ್ದ ಕೈಗಳು ಸದಾ ಶುದ್ಧವಾಗಿರಲಿಲ್ಲ.

ಮಗನ ಮುಂದೆ ಒಂದು ದಾರಿ ಇಡಬಹುದು. ತಾನು ಈಗ ಸ್ವಂತವಾಗಿ ನಂಬಿದ್ದೇನೆಂದು ಸಾರ್ವಜನಿಕವಾಗಿ ಹೇಳುವ ಹಂಬಲ ಅವನದಾಗಿದ್ದರೆ, ಅದಕ್ಕೆ ನಮ್ಮಲ್ಲಿಯೂ ಸ್ಥಳವಿದೆ. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿಯವರು 1755ರಲ್ಲಿ ಆರಂಭಿಸಿದ, ದೇವರೊಂದಿಗಿನ ಒಪ್ಪಂದವನ್ನು ನವೀಕರಿಸುವ ಒಡಂಬಡಿಕೆಯ ಆರಾಧನೆಯನ್ನು ಮೆಥೊಡಿಸ್ಟ್ ಧಾರೆಯ ಮೂಲಕ ಸಿಎಸ್‌ಐ ತನ್ನದಾಗಿಸಿಕೊಂಡಿದೆ. ಹೊಸ ವರ್ಷದ ಮೊದಲ ಭಾನುವಾರಗಳಲ್ಲಿ ಅನೇಕ ಸಭೆಗಳು ಅದನ್ನು ನಡೆಸುತ್ತವೆ. ಕಾಟಾಚಾರಕ್ಕೆ ಓದಿ ಮುಗಿಸುವ ಬದಲು, ಹಾಗೆ ನಿಂತು ಸಾಕ್ಷಿ ಹೇಳಲು ತರುಣರಿಗೆ ಅವಕಾಶ ಕೊಡುವಂತೆ ನಿಮ್ಮ ಸಭಾಪಾಲಕರನ್ನು ಕೇಳಿಕೊಳ್ಳಿ. ಇದನ್ನೆಲ್ಲ ಕೇಳಿಯೂ ಅವನು ನೀರಿಗೆ ಇಳಿಯುತ್ತೇನೆಂದರೆ, ಅದು ವಯಸ್ಕನೊಬ್ಬನ ನಿರ್ಧಾರ. ಸದಸ್ಯತ್ವದ ಮೇಲೆ ಅದರ ಪರಿಣಾಮವೇನೆಂದು ಅವನು ಸಭಾಪಾಲಕರಿಂದಲೇ ಮೊದಲು ತಿಳಿದುಕೊಳ್ಳಲಿ. ಬುರುಜು ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರೆ. ‘ನಾಳೆ ಮದುವೆ ಎಲ್ಲಿ, ಸತ್ತರೆ ಮಣ್ಣು ಎಲ್ಲಿ’ ಎಂಬ ಭಯ ನಿಮ್ಮ ಯಜಮಾನರ ಕೋಪದ ಒಳಗೆ ಇರಬಹುದೆಂದು ನನಗೆ ಅನುಮಾನ. ಇದ್ದರೆ ಅದನ್ನು ದೇವಶಾಸ್ತ್ರದ ಮುಸುಕಿಲ್ಲದೆ ಮಗನಿಗೆ ನೇರವಾಗಿ ಹೇಳುವುದು ಒಳ್ಳೆಯದು.

ಆ ಹೊಸ ಸಭೆಯ ಬಗ್ಗೆ ಬಾಡಿಗೆ ಹಾಲ್, ಗಿಟಾರ್, ಇಂಗ್ಲಿಷ್ ಎಂಬ ಕಾರಣಕ್ಕೆ ಸಂಶಯಪಡಬೇಕಾಗಿಲ್ಲ. ಭಾಷೆಯ ವಿಷಯದಲ್ಲಂತೂ ನಾವು ನಮ್ಮ ಮಿಷನರಿಗಳಿಂದಲೇ ಕಲಿಯಬೇಕು. 1894ರ ಮಹಾ ನಿಘಂಟಿನ ಕಿಟ್ಟೆಲ್ಲರು ಅದಕ್ಕೂ ಮುಂಚೆ, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡಿಗರ ಕಿವಿಗೆ ಒಗ್ಗುವಂತೆ ನಮ್ಮದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ಜರ್ಮನಿಯಿಂದ ಬಂದವರು ನಮಗಾಗಿ ಷಟ್ಪದಿ ಕಲಿಯಬಹುದಾದರೆ, ನಾವು ಮಕ್ಕಳಿಗಾಗಿ ಅವರ ನಾಲ್ಕು ಹಾಡು ಕೇಳಬಹುದು. ಪರಿಶೀಲಿಸಬೇಕಾದದ್ದು ಬೇರೆ: ಅಲ್ಲಿನ ಮುಖ್ಯಸ್ಥರನ್ನು ಯಾರಾದರೂ ಪ್ರಶ್ನಿಸಬಹುದೇ, ಕಾಣಿಕೆಯ ಲೆಕ್ಕ ಸಭೆಯ ಮುಂದೆ ಬರುತ್ತದೆಯೇ, ಕಾಯಿಲೆ ಬಿದ್ದವರಿಗೆ ಔಷಧಿ ಬಿಡಿ ಎನ್ನುತ್ತಾರೆಯೇ, ಮನೆಯವರಿಂದ ದೂರವಿರಿ ಎಂದು ಕಲಿಸುತ್ತಾರೆಯೇ. ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಮಗನ ಜೊತೆ ಮಾರ್ಕ 7ನೆಯ ಅಧ್ಯಾಯವನ್ನು ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಮೀಸಲು, ಎಂದು ಹೇಳಿ ಜಾರಿಕೊಂಡವರನ್ನು ಯೇಸು ಅಲ್ಲಿ ಕಪಟಿಗಳೆಂದು ಕರೆದಿದ್ದಾರೆ. ವಾರಾಂತ್ಯವಿಡೀ ಸಭೆಯಲ್ಲಿ ಕುರ್ಚಿ ಜೋಡಿಸಿ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಿಡುವಿಲ್ಲ ಎನ್ನುವುದೂ ಕೊರ್ಬಾನೇ.

ಪೌಲನ ಜೊತೆಗಾರನಾದ ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನೀಕೆ ನಿಮಗೆ ಗೊತ್ತಿರುವ ಹೆಸರುಗಳು; ಸ್ತ್ರೀಯರ ಸಂಘದಲ್ಲಿ ಅವರ ಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿರುತ್ತೀರಿ. ಆದರೆ ಅವರ ನಿಷ್ಕಪಟವಾದ ವಿಶ್ವಾಸ ಮಗನಲ್ಲಿ ನೆಲೆಸಿದ ಮೇಲೆ ಏನಾಯಿತು ಎಂಬುದನ್ನು ಪ್ರಸಂಗಿಗಳು ಅಷ್ಟಾಗಿ ಹೇಳುವುದಿಲ್ಲ: ಅವನು ಲುಸ್ತ್ರದ ಆ ಮನೆಯನ್ನು ಬಿಟ್ಟು, ನಿನ್ನೆ ಮೊನ್ನೆ ಊರಿಗೆ ಬಂದ ಪೌಲನ ಹಿಂದೆ ಹೊರಟುಹೋದನು.

ಈಗ ಮಾಡಬಹುದಾದದ್ದು ಇಷ್ಟು. ಮುಂದಿನ ಒಂದು ಭಾನುವಾರ ನಿಮ್ಮ ಬೆಳಗಿನ ಆರಾಧನೆ ಮುಗಿಸಿ, ಮಗ ಹೋಗುವ ಕಡೆಗೆ ನೀವಿಬ್ಬರೂ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಬರುತ್ತೇವೆಂದು ಅವನಿಗೆ ಮೊದಲೇ ತಿಳಿಸಿ, ಪತ್ತೆದಾರರಂತೆ ಹೋಗಬೇಡಿ. ಹಿಂತಿರುಗುವ ದಾರಿಯಲ್ಲಿ ಯಾವ ಟೀಕೆಯನ್ನೂ ಮಾಡದೆ, ಅವನಿಗೆ ಅಲ್ಲಿ ಯಾವ ಹಾಡು ಹೆಚ್ಚು ಇಷ್ಟ ಎಂದು ಕೇಳಿ. ಯಜಮಾನರು ಬರಲು ಒಪ್ಪದಿದ್ದರೆ ಮಗಳನ್ನು ಕರೆದುಕೊಂಡು ನೀವೇ ಹೋಗಿ.